ಕಿಟಕಿಯಲ್ಲಿ ಸೋಲ್, ಮೇಜಿನ ಮೇಲೆ ಕೆಂಡ: ಕೊರಿಯನ್ ಬಾರ್ಬೆಕ್ಯೂಗೆ ಹೋಗುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಿಂದ ಕೆಲಸದ ಮೇಲೆ ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ಗೆ, ಅದರ ಹತ್ತಿರದ ಸುವೋನ್‌ಗೆ ಬರುವವರು ಈಗ ತುಂಬಾ ಜನ. ಎರಡು ವಾರ ಇರುತ್ತಾರೆ, ಕೊನೆಯ ಶನಿವಾರ ಒಂದು ಒಳ್ಳೆಯ ಊಟ ಆಗಬೇಕು ಅನ್ನುತ್ತಾರೆ. ಎಲ್ಲರ ಬೇಡಿಕೆಯೂ ಒಂದೇ: "ಕೊರಿಯನ್ ಬಾರ್ಬೆಕ್ಯೂ ಬೇಕು, ಸ್ವಲ್ಪ ದೊಡ್ಡ ಜಾಗ ಆಗಿರಲಿ, ಊರು ಕಾಣಬೇಕು." ಆಮೇಲೆ ಪ್ರಶ್ನೆಗಳು ಶುರು. ಅವುಗಳಿಗೆ ನಾನು ಕೊಡುವ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಬಾರ್ಬೆಕ್ಯೂ ಅಂದರೆ ಬಫೆ ತಾನೇ? ಕಡ್ಡಿಗೆ ಚುಚ್ಚಿ ತಂದಿಡುತ್ತಾರಲ್ಲ, ಹಾಗೆ?

ಅಲ್ಲ. ನಮ್ಮ ಊರಿನ ಬಾರ್ಬೆಕ್ಯೂ ಬಫೆಯಲ್ಲಿ ಅರ್ಧ ಬೆಂದ ಕಡ್ಡಿಗಳು ಬರುತ್ತವೆ, ಮಸಾಲೆಯ ಮೇಲೇ ಆಟ. ಇಲ್ಲಿ ಮೇಜಿನ ನಡುವೆ ಒಂದು ಗುಂಡಿ, ಅದರಲ್ಲಿ ಕೆಂಡ ಅಥವಾ ಗ್ಯಾಸ್, ಮೇಲೆ ಜಾಲರಿ. ಹಸಿ ಮಾಂಸ ತಟ್ಟೆಯಲ್ಲಿ ಬರುತ್ತದೆ, ನಿಮ್ಮ ಕಣ್ಣ ಮುಂದೆಯೇ ಬೇಯುತ್ತದೆ. ಎಷ್ಟು ಬೇಕೋ ಅಷ್ಟು ತೂಕದ ಲೆಕ್ಕದಲ್ಲಿ ಹೇಳಬೇಕು. ಎಷ್ಟು ಬೇಕಾದರೂ ತಿನ್ನಿ ಅನ್ನುವ ಅಗ್ಗದ ಅಂಗಡಿಗಳು ಇಲ್ಲೂ ಇವೆ, ಹೆಚ್ಚಾಗಿ ಕಾಲೇಜು ಹುಡುಗರು ಹೋಗುತ್ತಾರೆ. ನಾವು ಮಾತಾಡುತ್ತಿರುವುದು ಅದರ ಬಗ್ಗೆ ಅಲ್ಲ.

ಒಳ್ಳೆಯ ಮಾಂಸ, ಒಳ್ಳೆಯ ನೋಟ ಎರಡೂ ಒಂದೇ ಕಡೆ ಸಿಗುತ್ತಾ?

ಇದೇ ಅಸಲು ಪ್ರಶ್ನೆ. ಆದರೆ ಯಾರೂ ಇದನ್ನು ಮೊದಲು ಕೇಳುವುದಿಲ್ಲ. ಊಟ ಮುಗಿಸಿ ಬಿಲ್ ನೋಡಿದ ಮೇಲೆ ಕೇಳುತ್ತಾರೆ.

ಸಾಮಾನ್ಯವಾಗಿ ಸಿಗುವುದಿಲ್ಲ. ಅದಕ್ಕೆ ಕಾರಣ ಹೊಗೆ. ಇದ್ದಿಲ ಕೆಂಡದ ಮೇಲೆ ಕೊಬ್ಬು ತೊಟ್ಟಿಕ್ಕಿ ಏಳುವ ಹೊಗೆಯೇ ಈ ಊಟದ ಅರ್ಧ ರುಚಿ. ಮೂವತ್ತು ನಲವತ್ತನೇ ಮಹಡಿಯಲ್ಲಿ ಒಂದೊಂದು ಮೇಜಿನ ಹೊಗೆಯನ್ನೂ ಕೊಳವೆಯಲ್ಲಿ ಎಳೆದು ಹೊರಗೆ ಬಿಡಬೇಕು. ಕೆಂಡ ತುಂಬಿದ ಬಕೆಟ್ಟು ಹಿಡಿದು ಅಷ್ಟು ಎತ್ತರದಲ್ಲಿ ಓಡಾಡಬೇಕು. ಹಾಗಾಗಿ ಎತ್ತರದ ಕಟ್ಟಡಗಳಲ್ಲಿ ಹೆಚ್ಚಾಗಿ ಗ್ಯಾಸ್ ಇರುತ್ತದೆ, ಇಲ್ಲವೇ ಕರೆಂಟಿನ ಕಾವಲಿ. ಕೆಲವು ಕಡೆ ಅಡುಗೆಮನೆಯಲ್ಲೇ ಸುಟ್ಟು ತಟ್ಟೆಯಲ್ಲಿ ಜೋಡಿಸಿ ತರುತ್ತಾರೆ. ಅದು ಚೆನ್ನಾಗಿರಲ್ಲ ಅಂತಲ್ಲ, ಆದರೆ ಅದು ಬೇರೆಯೇ ಊಟ.

ನಾನೂ ಒಂದು ಸಲ ಹೀಗೆ ಮೋಸ ಹೋಗಿದ್ದೇನೆ. ಹೆಸರು ಬೇಡ. ಮೂವತ್ತು ಚಿಲ್ಲರೆ ಮಹಡಿ ಮೇಲಿನ ಜಾಗ, ಫೋಟೋಗಳು ಅದ್ಭುತ. ಕಾವಲಿ ಸರಿಯಾಗಿ ಕಾದಿರಲಿಲ್ಲ. ಅಷ್ಟು ದುಬಾರಿ ಮಾಂಸ ನೀರು ಬಿಟ್ಟುಕೊಂಡು ಸುಮ್ನೆ ಬೆಂದಿತು, ಸುಡಲಿಲ್ಲ. ಕಿಟಕಿಯಲ್ಲಾದರೂ ಊರು ಕಂಡಿತಾ? ಒಳಗಿನ ದೀಪಗಳ ಬೆಳಕಿಗೆ ಗಾಜಿನಲ್ಲಿ ನಮ್ಮ ಮುಖಗಳೇ ಕಂಡವು.

ಆದ್ದರಿಂದ ಬುಕ್ ಮಾಡುವಾಗ ಮೊದಲು ಕೇಳಬೇಕಾದದ್ದು ಕಿಟಕಿಯ ಬಗ್ಗೆ ಅಲ್ಲ, ಬೆಂಕಿಯ ಬಗ್ಗೆ. ಕೊರಿಯನ್‌ನಲ್ಲಿ ಇದ್ದಿಲ ಕೆಂಡಕ್ಕೆ "ಸುಟ್‌ಬುಲ್" ಅನ್ನುತ್ತಾರೆ. ನಮ್ಮ "ಸುಟ್ಟು" ನೆನಪಿಟ್ಟುಕೊಂಡರೆ ಸಾಕು. "ಸುಟ್‌ಬುಲ್ ಇದೆಯಾ?" ಅಂತ ಒಂದು ಮಾತು ಕೇಳಿ.

ಹಾಗಾದರೆ ಎಲ್ಲಿಗೆ ಹೋಗಲಿ? ಒಂದು ಹೆಸರು ಹೇಳಿ.

ಎತ್ತರ ಬೇಕು, ಕೆಂಡವೂ ಬೇಕು ಅಂದರೆ ಕಟ್ಟಡ ಹತ್ತಬೇಡಿ, ಗುಡ್ಡ ಹತ್ತಿ. ಸೋಲ್ ತುಂಬ ಗುಡ್ಡಗಳೇ.

ನಾನು ಹೇಳುವ ಹೆಸರು ಮ್ಯೊಂಗ್‌ವೊಲ್‌ಗ್ವಾನ್. ಊರಿನ ಪೂರ್ವಕ್ಕೆ, ಆಚಾಸಾನ್ ಗುಡ್ಡದ ಮಗ್ಗುಲಲ್ಲಿ, ವಾಕರ್‌ಹಿಲ್ ಹೋಟೆಲಿನ ಆವರಣದಲ್ಲಿದೆ. ಹಳೆಯ ಕೊರಿಯನ್ ಮನೆಯ ಹಾಗೆ ಹೆಂಚಿನ ಮಾಡು, ಒಳಗೆ ಇದ್ದಿಲ ಕೆಂಡ, ಕೆಳಗೆ ಹಾನ್ ನದಿ. ವಾಕರ್‌ಹಿಲ್ 1963ರಲ್ಲಿ ಶುರುವಾದದ್ದು. ಕೊರಿಯಾ ಯುದ್ಧದ ಹೊತ್ತಿನಲ್ಲಿ, 1950ರ ಡಿಸೆಂಬರಿನಲ್ಲಿ, ರಸ್ತೆ ಅಪಘಾತದಲ್ಲಿ ಸತ್ತ ಅಮೆರಿಕದ ಜನರಲ್ ವಾಲ್ಟನ್ ವಾಕರ್ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. ಮ್ಯೊಂಗ್‌ವೊಲ್‌ಗ್ವಾನ್ ಅನ್ನುವ ಹೆಸರು ಇನ್ನೂ ಹಳೆಯದು. ಕಳೆದ ಶತಮಾನದ ಶುರುವಿನಲ್ಲಿ, ಅರಮನೆಯ ಅಡುಗೆ ನೋಡಿಕೊಳ್ಳುತ್ತಿದ್ದ ಆನ್ ಸುನ್‌ಹ್ವಾನ್ ಎಂಬವರು ಸೋಲ್‌ನಲ್ಲಿ ತೆರೆದ ಊಟದ ಮನೆಗೆ ಇದೇ ಹೆಸರಿತ್ತು. "ಬೆಳಗುವ ಚಂದ್ರನ ಮನೆ" ಅಂತ ಅರ್ಥ.

ಮೆಟ್ರೋದ 5ನೇ ಲೈನಿನ ಗ್ವಾಂಗ್‌ನಾರು ನಿಲ್ದಾಣದಲ್ಲಿ ಇಳಿಯಿರಿ. ಅಲ್ಲಿಂದ ಹೋಟೆಲಿನ ಷಟಲ್ ಬಸ್ ಇದೆ. ನಡೆದು ಹತ್ತುತ್ತೇನೆ ಅನ್ನುವವರು ಹತ್ತಬಹುದು, ಆದರೆ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬೇಡ.

ನೋಟ ಬೇಡ, ಮಾಂಸವೇ ಮುಖ್ಯ ಅಂದರೆ ಮಾಜಾಂಗ್‌ದೊಂಗ್ ಮಾಂಸದ ಮಾರುಕಟ್ಟೆಗೆ ಹೋಗಿ. ಕೆಳಗಿನ ಅಂಗಡಿಯಲ್ಲಿ ಮಾಂಸ ಆರಿಸಿಕೊಂಡು, ಸುಡುವ ಜಾಗಕ್ಕೆ ಹೋಗಿ ತಲೆಗಿಷ್ಟು ಅಂತ ಮೇಜಿನ ದುಡ್ಡು ಕೊಟ್ಟು ತಿನ್ನಬಹುದು. ಹಸಿರು, ತೋಟ, ನೀರಿನ ಸದ್ದು ಇಷ್ಟಪಡುವವರಿಗೆ ಗಂಗ್‌ನಮ್ ಕಡೆಯ ಸಮ್‌ವೊನ್ ಗಾರ್ಡನ್ ಇದೆ. 1976ರಿಂದ ನಡೆಯುತ್ತಿದೆ. ಮನೆಮಂದಿಯೆಲ್ಲ ಹೋಗುವ ದೊಡ್ಡ ಜಾಗ.

ಟೇಬಲ್ ಯಾವ ಹೊತ್ತಿಗೆ ಹಿಡಿಯಬೇಕು?

ಸೂರ್ಯ ಮುಳುಗುವುದಕ್ಕೆ ಮುಕ್ಕಾಲು ಗಂಟೆ ಮೊದಲು. ಬೆಳಕಿನಲ್ಲಿ ನದಿ ಕಾಣುತ್ತದೆ, ಕತ್ತಲಾದ ಮೇಲೆ ಸೇತುವೆಗಳ ದೀಪ. ಒಂದೇ ಊಟದಲ್ಲಿ ಎರಡು ಊರು ನೋಡಿದ ಹಾಗೆ.

ಇಲ್ಲಿ ನಮ್ಮವರು ಎಡವುವುದು ಗಡಿಯಾರದ ವಿಷಯದಲ್ಲಿ. ಬೆಂಗಳೂರಿನಲ್ಲಿ ವರ್ಷವಿಡೀ ಆರು, ಆರೂವರೆ, ಹೆಚ್ಚೆಂದರೆ ಏಳಕ್ಕೆ ಹತ್ತು ನಿಮಿಷ ಇದ್ದಾಗ ಸಂಜೆಯಾಗುತ್ತದೆ. ಸೋಲ್‌ನಲ್ಲಿ ಡಿಸೆಂಬರ್‌ನಲ್ಲಿ ಐದೂಕಾಲಿಗೇ ಸೂರ್ಯ ಮುಳುಗುತ್ತಾನೆ, ಜೂನ್ ಕೊನೆಗೆ ಹತ್ತಿರಹತ್ತಿರ ಎಂಟು ಗಂಟೆಯವರೆಗೆ ಬೆಳಕಿರುತ್ತದೆ. ಚಳಿಗಾಲದಲ್ಲಿ ಏಳಕ್ಕೆ ಬುಕ್ ಮಾಡಿ "ಸನ್‌ಸೆಟ್ ಎಲ್ಲಿ?" ಅಂದರೆ ಅದಾಗಿ ಹತ್ತಿರಹತ್ತಿರ ಎರಡು ಗಂಟೆ ಕಳೆದಿರುತ್ತದೆ.

ಕಾಲವೂ ಮುಖ್ಯ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಎಲ್ಲಕ್ಕಿಂತ ಒಳ್ಳೆಯದು, ಆಕಾಶ ತಿಳಿಯಾಗಿರುತ್ತದೆ. ಜೂನ್ ಕೊನೆಯಿಂದ ಜುಲೈವರೆಗೆ ಇಲ್ಲಿನ ಮಳೆಗಾಲ. ವಸಂತದಲ್ಲಿ ಗಾಳಿಯಲ್ಲಿ ಧೂಳು ಬರುತ್ತದೆ. ಉತ್ತರದ ಮರುಭೂಮಿಗಳಿಂದ ಬರುವ ಹಳದಿ ಧೂಳಿಗೆ "ಹ್ವಾಂಗ್‌ಸಾ" ಅನ್ನುತ್ತಾರೆ, ಸಣ್ಣ ಧೂಳಿಗೆ "ಮಿಸೆಮೊಂಜಿ". ಅಂಥ ದಿನ ನಾಮ್‌ಸಾನ್ ಗುಡ್ಡದ ಟವರ್ ಕೂಡ ಮಸುಕು. ಬೆಳಗ್ಗೆ ಫೋನಿನಲ್ಲಿ ಧೂಳಿನ ಮಟ್ಟ ನೋಡಿಕೊಳ್ಳಿ. ಕೆಂಪು ತೋರಿಸಿದರೆ ನೋಟಕ್ಕೆಂದು ಜಾಸ್ತಿ ದುಡ್ಡು ಕೊಡಬೇಡಿ, ಮಾಜಾಂಗ್‌ದೊಂಗ್‌ಗೆ ನಡೆಯಿರಿ.

ಕಿಟಕಿ ಪಕ್ಕದ ಮೇಜು ಕೇಳಿದರೆ ಕೊಡುತ್ತಾರಾ?

ಕೇಳಿದರೆ ತಪ್ಪಿಲ್ಲ, ಸಿಗುತ್ತದೆ ಅನ್ನುವ ಖಾತ್ರಿಯೂ ಇಲ್ಲ. "ಚಾಂಗ್‌ಕಾ ಜಾರಿ" ಅಂದರೆ ಕಿಟಕಿ ಬದಿಯ ಜಾಗ. ಬುಕ್ ಮಾಡುವಾಗಲೇ ಹೇಳಿ, ಅಲ್ಲಿ ಹೋಗಿ ನಿಂತು ಚೌಕಾಸಿ ಮಾಡಿದರೆ ಆಗುವುದಿಲ್ಲ. ಎರಡು ಜನರಾದರೆ ಸುಲಭ, ಎಂಟು ಜನರಾದರೆ ನಿಮ್ಮನ್ನು ಒಳಗಿನ ಕೋಣೆಗೆ ಕಳಿಸುತ್ತಾರೆ. ಕೋಣೆ ಅಂದರೆ ಇಲ್ಲಿ ಗೌರವ, ಆದರೆ ಅಲ್ಲಿ ಕಿಟಕಿ ಇರಬೇಕು ಅಂತೇನಿಲ್ಲ.

ಬುಕ್ ಮಾಡುವುದಕ್ಕೆ ಕ್ಯಾಚ್‌ಟೇಬಲ್ ಎಂಬ ಆ್ಯಪ್ ಇದೆ. ಹೋಟೆಲಿನೊಳಗಿನ ಜಾಗವಾದರೆ ಫೋನ್ ಮಾಡಿದರೆ ಇಂಗ್ಲಿಷ್‌ನಲ್ಲೇ ಮಾತಾಡುತ್ತಾರೆ. ದಾರಿ ಹುಡುಕಲು ನೇವರ್ ಮ್ಯಾಪ್ ಅಥವಾ ಕಾಕಾವೋ ಮ್ಯಾಪ್ ಹಾಕಿಕೊಂಡಿರಿ.

ಇಬ್ಬರಿಗೆ ಎಷ್ಟು ಖರ್ಚಾಗುತ್ತೆ? ನಿಜ ಹೇಳಿ.

ಸಾವಿರ ವಾನ್ ಅಂದರೆ ಸುಮಾರು 60 ರೂಪಾಯಿ ಅಂತ ಲೆಕ್ಕ ಇಟ್ಟುಕೊಳ್ಳಿ.

ಬೀದಿಯ ಸಾಮಾನ್ಯ ಅಂಗಡಿಯಲ್ಲಿ ಹಂದಿ ಮಾಂಸವಾದರೆ ಒಬ್ಬರ ಪಾಲು 15ರಿಂದ 20 ಸಾವಿರ ವಾನ್. ದೊಡ್ಡ ಜಾಗದಲ್ಲಿ ಕೊರಿಯಾದ ನಾಡತಳಿಯ ದನದ ಮಾಂಸವಾದರೆ ಒಂದು ಪಾಲಿಗೇ 60 ಸಾವಿರದಿಂದ 1 ಲಕ್ಷ ವಾನ್, ಅದಕ್ಕಿಂತ ಮೇಲೂ ಇದೆ. ಇಬ್ಬರು ಮೂರು ಪಾಲು ಮಾಂಸ, ಕೊನೆಗೆ ತಣ್ಣನೆಯ ಶಾವಿಗೆ, ಸ್ವಲ್ಪ ಕುಡಿಯಲು ತೆಗೆದುಕೊಂಡರೆ 3ರಿಂದ 4 ಲಕ್ಷ ವಾನ್. ನಮ್ಮ ದುಡ್ಡಿನಲ್ಲಿ 18ರಿಂದ 24 ಸಾವಿರ. ಹೌದು, ಒಂದು ಊಟಕ್ಕೆ.

"ಪಾಲು" ಅಂದೆನಲ್ಲ, ಅದಕ್ಕೆ ಇಲ್ಲಿ "ಇನ್‌ಬುನ್" ಅನ್ನುತ್ತಾರೆ. "ಇಲ್ ಇನ್‌ಬುನ್" ಅಂದರೆ ಒಬ್ಬರ ಪಾಲು. ಅದು 150 ಗ್ರಾಂ ಇರಬಹುದು, 200 ಇರಬಹುದು, ಅಂಗಡಿಯಿಂದ ಅಂಗಡಿಗೆ ಬೇರೆ. ಹಾಗಾಗಿ ಬೆಲೆ ಹೋಲಿಸುವಾಗ 100 ಗ್ರಾಂಗೆ ಎಷ್ಟು ಅಂತ ನೋಡಿ. 2013ರಿಂದ ಆ ಲೆಕ್ಕವನ್ನು ಮೆನುವಿನಲ್ಲಿ ಬರೆಯಲೇಬೇಕು ಅನ್ನುವ ನಿಯಮ ಇದೆ. ಮಾಂಸ ಯಾವ ದೇಶದ್ದು ಅಂತಲೂ ಬರೆಯಬೇಕು. ಉಪ್ಪಿನಕಾಯಿಯಂಥ ಕಿಮ್ಚಿಯ ಎಲೆಕೋಸು ಎಲ್ಲಿಯದು, ಅಕ್ಕಿ ಎಲ್ಲಿಯದು ಅನ್ನುವವರೆಗೂ ಗೋಡೆಯ ಮೇಲೆ ಪಟ್ಟಿ ಇರುತ್ತದೆ. ನನಗಂತೂ ಆ ಪಟ್ಟಿ ಓದುವುದೇ ಒಂದು ಖುಷಿ.

ಖರ್ಚು ಕಡಿಮೆ ಮಾಡಬೇಕಾ? ಮಧ್ಯಾಹ್ನ ಹೋಗಿ. ಇಂಥ ಮನೆಗಳಲ್ಲಿ ಮಧ್ಯಾಹ್ನ ಸೆಟ್ ಊಟ ಇರುತ್ತದೆ, ಪಕ್ಕೆಲುಬಿನ ಸಾರು ಗಾಲ್ಬಿತಾಂಗ್ ಇರುತ್ತದೆ. ನದಿ ಮಧ್ಯಾಹ್ನವೂ ಅಲ್ಲೇ ಹರಿಯುತ್ತಿರುತ್ತದೆ.

1++ ಅಂತ ಬರೆದಿರುತ್ತದಲ್ಲ, ಏನದು?

ನಾಡತಳಿ ದನಕ್ಕೆ "ಹನ್‌ವೂ" ಅನ್ನುತ್ತಾರೆ. ಮಾಂಸವನ್ನು 1++, 1+, 1, 2, 3 ಅಂತ ಐದು ದರ್ಜೆ ಮಾಡುತ್ತಾರೆ. ಮುಖ್ಯವಾಗಿ ನೋಡುವುದು ಮಾಂಸದ ಎಳೆಗಳ ನಡುವೆ ಕೊಬ್ಬು ಎಷ್ಟು ಹರಡಿದೆ ಅಂತ. ಬಿಳಿ ಗೆರೆ ಜಾಸ್ತಿ ಇದ್ದಷ್ಟೂ ದರ್ಜೆ ಮೇಲೆ, ಬಾಯಿಗಿಟ್ಟರೆ ಬೆಣ್ಣೆ.

ಆದರೆ ಬೆಣ್ಣೆಯನ್ನು ಎಷ್ಟು ತಿನ್ನಬಲ್ಲಿರಿ? ನಾಲ್ಕನೇ ತುಂಡಿಗೆ ಸಾಕು ಅನ್ನಿಸುತ್ತದೆ. ನನ್ನ ಮಾತು ಕೇಳಿ: ಒಂದು ಪಾಲು 1++ ರುಚಿಗೆ ತೆಗೆದುಕೊಳ್ಳಿ, ಉಳಿದದ್ದು 1+ ಅಥವಾ 1 ಸಾಕು. ಮಾಂಸದ ರುಚಿ ಗೊತ್ತಾಗುವುದು ಅಲ್ಲಿಯೇ.

ಮೊದಲ ಸಲ ಹೋಗುವವರು ಏನು ಹೇಳಬೇಕು?

"ಸೆಂಗ್" ಅಂದರೆ ಮಸಾಲೆ ಹಾಕದ ಮಾಂಸ. "ಯಾಂಗ್‌ನ್ಯೊಮ್" ಅಂದರೆ ಮಸಾಲೆಯಲ್ಲಿ ನೆನೆಸಿದ್ದು. ಗಾಲ್ಬಿ ಅಂದರೆ ಪಕ್ಕೆಲುಬು, ಮಾಂಸವನ್ನು ಮೂಳೆಗೆ ಅಂಟಿದಂತೆಯೇ ಸುರುಳಿ ಬಿಚ್ಚಿ ತೆಳ್ಳಗೆ ಹರಡಿರುತ್ತಾರೆ. ದುಂಗ್‌ಸಿಮ್ ಬೆನ್ನಿನ ಭಾಗ, ಆನ್‌ಸಿಮ್ ತೀರಾ ಮೆತ್ತಗಿನ ಒಳಮಾಂಸ, ಚಾದೊಲ್‌ಬಾಗಿ ಹಪ್ಪಳದ ಹಾಗೆ ತೆಳ್ಳಗೆ ಹೆರೆದ ಎದೆಭಾಗ. ಹಂದಿಯಲ್ಲಿ ಸಮ್‌ಗ್ಯೊಪ್ಸಾಲ್, ಅಂದರೆ ಮೂರು ಪದರದ ಹೊಟ್ಟೆಭಾಗ, ಮತ್ತು ಮೊಕ್ಸಾಲ್, ಅಂದರೆ ಕತ್ತಿನ ಭಾಗ.

ಮೊದಲು ಸೆಂಗ್, ಆಮೇಲೆ ಯಾಂಗ್‌ನ್ಯೊಮ್. ಈ ಕ್ರಮ ಬಿಡಬೇಡಿ. ಮಸಾಲೆಯಲ್ಲಿ ಸೋಯಾ ಸಾಸ್, ಬೆಳ್ಳುಳ್ಳಿ, ಎಳ್ಳೆಣ್ಣೆ, ಸಕ್ಕರೆ, ತುರಿದ ಪೇರ್ ಹಣ್ಣು ಇರುತ್ತದೆ. ಹಣ್ಣು ಮಾಂಸವನ್ನು ಮೆತ್ತಗೆ ಮಾಡುತ್ತದೆ, ನಾವು ಪಪ್ಪಾಯಿ ಕಾಯಿ ಹಾಕುತ್ತೇವಲ್ಲ, ಅದೇ ಕೆಲಸ. ಆದರೆ ಸಕ್ಕರೆ ಜಾಲರಿಗೆ ಹತ್ತಿಕೊಂಡು ಕಪ್ಪಾಗುತ್ತದೆ. ಆಮೇಲೆ ಅದೇ ಜಾಲರಿಯಲ್ಲಿ ಸಾದಾ ಮಾಂಸ ಇಟ್ಟರೆ ಕಹಿ. ಜಾಲರಿ ಕಪ್ಪಾದರೆ "ಪಾನ್ ಗಾರಾ ಜುಸೆಯೊ" ಅನ್ನಿ, ಬದಲಾಯಿಸಿ ಕೊಡುತ್ತಾರೆ. ದುಬಾರಿ ಜಾಗದಲ್ಲಿ ನೀವು ಬಾಯಿ ತೆರೆಯುವ ಮೊದಲೇ ಬದಲಾಗಿರುತ್ತದೆ.

ನಾವೇ ಸುಡಬೇಕಾ? ನನಗೆ ಮ್ಯಾಗಿ ಬಿಟ್ಟರೆ ಏನೂ ಬರಲ್ಲ.

ದೊಡ್ಡ ಜಾಗದಲ್ಲಿ ಬೇಕಿಲ್ಲ. ಮೇಜಿಗೆ ಒಬ್ಬರು ನಿಂತು ಸುಟ್ಟು, ಕತ್ತರಿಯಲ್ಲಿ ತುಂಡು ಮಾಡಿ, ಬೆಂದ ತುಂಡನ್ನು ಜಾಲರಿಯ ಅಂಚಿಗೆ ಸರಿಸಿ ಕೊಡುತ್ತಾರೆ. ಅಂಚಿಗೆ ಬಂದರೆ ತಿನ್ನಬಹುದು ಅಂತ ಅರ್ಥ. ಅವರ ಕೈಯ ಇಕ್ಕಳ ಕಸಿಯಬೇಡಿ. ಸಹಾಯ ಮಾಡುತ್ತೇನೆ ಅಂತ ಪದೇ ಪದೇ ತಿರುವಿ ಹಾಕಬೇಡಿ. ನಮ್ಮವರಿಗೆ ಈ ಚಟ ಇದೆ, ದೋಸೆ ಮಗುಚಿ ಮಗುಚಿ ಬಂದ ಅಭ್ಯಾಸ ಇರಬೇಕು.

ಅವರು ಇಕ್ಕಳ ಹಿಡಿದಾಗ ಫೋನು ಕೆಳಗಿಡಿ. ತೆಳ್ಳಗಿನ ಚಾದೊಲ್‌ಬಾಗಿ ಅರ್ಧ ನಿಮಿಷವೂ ತಡೆಯುವುದಿಲ್ಲ. ಕಿಟಕಿಯ ಫೋಟೋ ತೆಗೆದು ಬರುವಷ್ಟರಲ್ಲಿ ಅದು ಒಣಗಿ ಚಕ್ಕೆಯಾಗಿರುತ್ತದೆ. ಸೇತುವೆ ಎಲ್ಲಿಗೂ ಹೋಗಲ್ಲ, ಆಮೇಲೆ ತೆಗೆಯಬಹುದು. ದನದ ಮಾಂಸ ಒಳಗೆ ಸ್ವಲ್ಪ ಗುಲಾಬಿ ಇರುವಾಗಲೇ ಕೊಡುತ್ತಾರೆ. ಪೂರ್ತಿ ಬೇಯಬೇಕು ಅಂದರೆ ಮೊದಲೇ ಹೇಳಿ. ಹಂದಿಯನ್ನು ಪೂರ್ತಿ ಬೇಯಿಸಿಯೇ ಕೊಡುತ್ತಾರೆ.

ಎಲೆಯಲ್ಲಿ ಸುತ್ತಿ ತಿನ್ನುವುದು ಹೇಗೆ?

ಅದಕ್ಕೆ "ಸ್ಸಾಮ್" ಅನ್ನುತ್ತಾರೆ. ಅಂಗೈ ಮೇಲೆ ಲೆಟಿಸ್ ಎಲೆ, ಅದರ ಮೇಲೆ ಕೆನ್ನಿಪ್ ಎಲೆ, ಒಂದು ತುಂಡು ಮಾಂಸ, ಚೂರು ಸ್ಸಾಮ್‌ಜಾಂಗ್, ಬೆಳ್ಳುಳ್ಳಿ ಬಿಲ್ಲೆ, ಹಸಿಮೆಣಸು. ಮಡಚಿ ಒಂದೇ ಸಲಕ್ಕೆ ಬಾಯಿಗೆ. ಬೀಡಾ ಹಾಕಿಕೊಳ್ಳುವುದು ಗೊತ್ತಿದ್ದವರಿಗೆ ಇದನ್ನು ಕಲಿಸಬೇಕಾಗಿಲ್ಲ. ಅರ್ಧ ಕಚ್ಚಿ ಉಳಿದದ್ದನ್ನು ತಟ್ಟೆಯಲ್ಲಿಟ್ಟರೆ ನೋಡುವುದಕ್ಕೂ ಚೆನ್ನಾಗಿರಲ್ಲ, ಸಾಸ್ ಮೊಣಕೈವರೆಗೆ ಇಳಿಯುತ್ತದೆ.

ಕೆನ್ನಿಪ್ ನೋಡಲು ವೀಳ್ಯದೆಲೆಯ ತಮ್ಮನ ಹಾಗಿರುತ್ತದೆ, ಅಂಚು ಗರಗಸ. ಘಾಟು ಪುದೀನಕ್ಕೂ ಸೋಂಪಿಗೂ ನಡುವೆ. ಮೊದಲ ಸಲ ಸೋಪಿನ ಹಾಗನ್ನಿಸಬಹುದು, ಮೂರನೇ ಸಲಕ್ಕೆ ನೀವೇ ಹುಡುಕುತ್ತೀರಿ. ಸ್ಸಾಮ್‌ಜಾಂಗ್ ಹುದುಗಿಸಿದ ಸೋಯಾ ಕಾಳಿನ ಖಾರದ ಚಟ್ನಿ.

ಒಂದು ಮಾತು: 1++ ಮಾಂಸವನ್ನು ಎಲೆಯಲ್ಲಿ ಸುತ್ತಬೇಡಿ, ಬರೀ ಉಪ್ಪಿಗೆ ಮುಟ್ಟಿಸಿ ತಿನ್ನಿ. ಅಷ್ಟು ದುಡ್ಡು ಕೊಟ್ಟು ಬೆಳ್ಳುಳ್ಳಿಯ ರುಚಿ ನೋಡುವುದು ಯಾಕೆ?

ಸಣ್ಣ ಸಣ್ಣ ಬಟ್ಟಲುಗಳು ಹನ್ನೆರಡು ಬಂದವು. ಅದಕ್ಕೆಲ್ಲ ಬಿಲ್ ಹಾಕುತ್ತಾರಾ?

ಇಲ್ಲ. ಅದು ಬಾನ್‌ಚಾನ್. ನಮ್ಮ ಬಾಳೆಎಲೆ ತುದಿಯ ಕೋಸಂಬರಿ, ಪಲ್ಯ, ಉಪ್ಪಿನಕಾಯಿ ಇದ್ದ ಹಾಗೆ. ಖಾಲಿಯಾದರೆ ಮತ್ತೆ ಕೇಳಿ, ಅದಕ್ಕೂ ದುಡ್ಡಿಲ್ಲ.

ಅನ್ನ ಎಲ್ಲಿ? ಅನ್ನ ಇಲ್ಲದೆ ಹೊಟ್ಟೆ ತುಂಬಲ್ಲ.

ಅನ್ನ ಕೊನೆಗೆ. ಮಾಂಸ ಮುಗಿದ ಮೇಲೆ "ಊಟ ಏನು ಮಾಡುತ್ತೀರಿ?" ಅಂತ ಕೇಳುತ್ತಾರೆ. ಅಷ್ಟು ಹೊತ್ತು ತಿಂದದ್ದೇನು ಅಂತ ನಗು ಬರುತ್ತದೆ, ಆದರೆ ಅವರ ಲೆಕ್ಕದಲ್ಲಿ ಊಟ ಅಂದರೆ ಅನ್ನ ಅಥವಾ ಶಾವಿಗೆ. ಈ ವಿಷಯದಲ್ಲಿ ಮಂಡ್ಯದ ಮುದ್ದೆಯವರಿಗೂ ಕೊರಿಯಾದವರಿಗೂ ಜಗಳ ಬರಲ್ಲ.

ಎರಡು ದಾರಿ. ಒಂದು, ದ್ವೆನ್‌ಜಾಂಗ್ ಚಿಗೆ ಎಂಬ ಕುದಿಯುವ ಸಾರು ಮತ್ತು ಬಿಸಿ ಅನ್ನ. ಇನ್ನೊಂದು ನೆಂಗ್‌ಮ್ಯೊನ್: ಬಕ್‌ವೀಟ್ ಎಂಬ ಧಾನ್ಯದ ಹಿಟ್ಟಿನ ಶಾವಿಗೆ, ಐಸಿನಷ್ಟು ತಣ್ಣಗಿನ ಸಾರಿನಲ್ಲಿ. ಕತ್ತರಿಯಲ್ಲಿ ಕತ್ತರಿಸಿ, ವಿನೆಗರ್ ಸಾಸಿವೆ ಹಾಕಿಕೊಂಡು ತಿನ್ನಬೇಕು. ಕೊಬ್ಬು ತಿಂದು ಭಾರವಾದ ನಾಲಿಗೆಗೆ ಮಜ್ಜಿಗೆ ಕುಡಿದ ಹಾಗೆ. ನನ್ನ ವೋಟು ಇದಕ್ಕೇ.

ದನದ ಮಾಂಸ ತಿನ್ನಲ್ಲ. ಹೋಗಬಹುದಾ?

ಹೋಗಬಹುದು, ಆದರೆ ಜಾಗ ನೋಡಿ ಆರಿಸಿ. ದುಬಾರಿ ನೋಟದ ಜಾಗಗಳೆಲ್ಲ ಹೆಚ್ಚಾಗಿ ದನದ ಮಾಂಸದ ಮೇಲೇ ನಿಂತಿವೆ. ಅಲ್ಲಿ ಹೋಗಿ ಸೀಗಡಿ ಮಾತ್ರ ತಿಂದು ಬರಬೇಕಾಗುತ್ತದೆ. ಹಂದಿ ತಿನ್ನುವವರಿಗೆ ಬೇಸರವಿಲ್ಲ, ಹಂದಿಯದೇ ಒಳ್ಳೆಯ ಮನೆಗಳಿವೆ. ಪಂದಿ ಕರಿ ತಿಂದು ಬೆಳೆದ ಕೊಡಗಿನ ಗೆಳೆಯನೊಬ್ಬ ಸಮ್‌ಗ್ಯೊಪ್ಸಾಲ್ ತಿಂದು "ಇದಕ್ಕೆ ಸ್ವಲ್ಪ ಕಾಚಂಪುಳಿ ಇದ್ದಿದ್ದರೆ" ಅಂದ. ಅವನ ಮಾತು ಸರಿಯೇ.

ನೆನಪಿಡಬೇಕಾದ ಮಾತು: "ಗೋಗಿ" ಅಂದರೆ ಮಾಂಸ. ಸೋಗೋಗಿ ದನ, ದ್ವೇಜಿಗೋಗಿ ಹಂದಿ, ದಾಕ್‌ಗೋಗಿ ಕೋಳಿ. ಬುಲ್ಗೋಗಿ ಅಂದರೆ "ಬೆಂಕಿ ಮಾಂಸ", ಸಾಮಾನ್ಯವಾಗಿ ದನದ್ದು. ಸಾರಿನಲ್ಲೂ ದನದ ಮಾಂಸ ಇರುತ್ತದೆ. ನೆಂಗ್‌ಮ್ಯೊನ್ ತಣ್ಣಗಿದೆ, ಸಸ್ಯಾಹಾರ ಇರಬಹುದು ಅಂದುಕೊಳ್ಳಬೇಡಿ, ಅದರ ಸಾರೂ ಮೂಳೆ ಮಾಂಸದ್ದೇ. ಒಂದೇ ಜಾಲರಿಯಲ್ಲಿ ಎಲ್ಲ ಸುಡುವುದು ಬೇಡ ಅಂದರೆ ಬೇರೆ ಮೇಜೇ ಕೇಳಬೇಕು.

ನಾನು ಶುದ್ಧ ಸಸ್ಯಾಹಾರಿ, ಗೆಳೆಯರ ಜೊತೆ ನೋಟಕ್ಕಾಗಿ ಬರುತ್ತೇನೆ.

ಬರಬೇಡಿ. ಕಟುವಾಗಿ ಹೇಳುತ್ತಿದ್ದೇನೆ ಅನ್ನಿಸಬಹುದು. ಕಿಮ್ಚಿಗೆ ಮೀನಿನ ಸಾಸ್ ಅಥವಾ ಉಪ್ಪು ಹಾಕಿದ ಸೀಗಡಿ ಬೀಳುತ್ತದೆ. ಸಾರಿಗೆ ಒಣ ಬೂತಾಯಿಯ ತಂಗಿಯಂಥ ಸಣ್ಣ ಮೀನು. ಸೊಪ್ಪಿನ ಪಲ್ಯಕ್ಕೂ ಕೆಲವು ಕಡೆ ಅದೇ. ಬಿಳಿ ಅನ್ನ, ಲೆಟಿಸ್, ಸುಟ್ಟ ಅಣಬೆ ತಿಂದು ನೀವು ಕೂತಿರಬೇಕು, ಬಟ್ಟೆಗೆಲ್ಲ ಹೊಗೆ. ಬಿಲ್ ಸಮಪಾಲು.

ಬದಲಿಗೆ ಜೋಗ್ಯೇಸಾ ದೇವಸ್ಥಾನದ ಹತ್ತಿರ ಬಾಲುಗೊಂಗ್ಯಾಂಗ್‌ಗೆ ಹೋಗಿ. ಬೌದ್ಧರ ಜೋಗ್ಯೇ ಪಂಥದವರೇ ನಡೆಸುವ ಊಟದ ಮನೆ. ಮೀನು ಮಾಂಸ ಬಿಡಿ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಮಡಿ ಊಟದವರಿಗೆ ಇದಕ್ಕಿಂತ ಹತ್ತಿರದ್ದು ಸೋಲ್‌ನಲ್ಲಿ ನಾನು ಕಂಡಿಲ್ಲ. ಅಲ್ಲಿ ಉಂಡು, ನೋಟಕ್ಕೆ ಬೇರೆ ಜಾಗ ಹತ್ತಿ. ನಾಮ್‌ಸಾನ್‌ಗೆ 1962ರಿಂದ ಕೇಬಲ್ ಕಾರ್ ಇದೆ. ಇನ್ನೂ ಎತ್ತರ ಬೇಕಾದರೆ ಲೊಟ್ಟೆ ವರ್ಲ್ಡ್ ಟವರ್, 555 ಮೀಟರ್, 123 ಮಹಡಿ.

ಹಲಾಲ್ ಸಿಗುತ್ತಾ?

ಇಂಥ ಜಾಗಗಳಲ್ಲಿ ಸಾಮಾನ್ಯವಾಗಿ ಇಲ್ಲ. 1976ರಲ್ಲಿ ತೆರೆದ ಸೋಲ್‌ನ ದೊಡ್ಡ ಮಸೀದಿ ಇತೆವೊನ್‌ನಲ್ಲಿದೆ. ಅದರ ಸುತ್ತಲಿನ ಬೀದಿಗಳಲ್ಲಿ ಹಲಾಲ್ ಅಂಗಡಿಗಳಿವೆ, ಭಾರತದ ಊಟವೂ ಸಿಗುತ್ತದೆ.

ಏನು ಹಾಕಿಕೊಂಡು ಹೋಗಲಿ? ಹೊಗೆ ವಾಸನೆ ಬರಲ್ವಾ?

ಬರುತ್ತದೆ. ಮೇಜಿನ ಮೇಲೆ ಸೊಂಡಿಲಿನಂಥ ಕೊಳವೆ ಇಳಿಬಿಟ್ಟಿರುತ್ತಾರೆ, ಹೊಸ ಜಾಗಗಳಲ್ಲಿ ಜಾಲರಿಯ ಕೆಳಗಿನಿಂದಲೇ ಹೊಗೆ ಎಳೆಯುತ್ತಾರೆ. ನೋಟ ಇರುವ ಕಡೆ ಕೆಳಗೆಳೆಯುವುದೇ ಒಳ್ಳೆಯದು, ಕಿಟಕಿಗೆ ಸೊಂಡಿಲು ಅಡ್ಡ ಬರಲ್ಲ. ಕೋಟು ಹಾಕಿಡಲು ದೊಡ್ಡ ಪ್ಲಾಸ್ಟಿಕ್ ಚೀಲ ಕೊಡುತ್ತಾರೆ, ಏಪ್ರನ್ ಕೊಡುತ್ತಾರೆ, ಬಾಗಿಲಲ್ಲಿ ವಾಸನೆ ಹೋಗಲಾಡಿಸುವ ಸ್ಪ್ರೇ ಇರುತ್ತದೆ. ಹಾಗಿದ್ದರೂ ರೇಷ್ಮೆ ಸೀರೆ, ಉಣ್ಣೆಯ ಹೊಸ ಕೋಟು ಬೇಡ. ಕಾಲರ್ ಇರುವ ಅಂಗಿ, ಸಾದಾ ಪ್ಯಾಂಟು ಸಾಕು. ಚಪ್ಪಲಿ ಬಿಟ್ಟು ಒಳಗೆ ಹೋಗುವ ಕೋಣೆಗಳೂ ಇರುತ್ತವೆ. ಕಾಲುಚೀಲದಲ್ಲಿ ತೂತು ಇದೆಯಾ ನೋಡಿಕೊಳ್ಳಿ.

ಕೊರಿಯಾದ ಬಾಸ್ ಜೊತೆ ಹೋಗುತ್ತಿದ್ದೇನೆ. ಏನು ಮಾಡಬಾರದು?

ಆಫೀಸಿನವರೆಲ್ಲ ಸೇರಿ ಮಾಡುವ ಊಟಕ್ಕೆ "ಹ್ವೆಶಿಕ್" ಅನ್ನುತ್ತಾರೆ. ಬಾಗಿಲಿಗೆ ದೂರದ ಜಾಗ ಹಿರಿಯರದು, ನೋಟ ಇರುವ ಕಡೆ ಚೆನ್ನಾಗಿ ಕಾಣುವ ಕುರ್ಚಿ ಅವರದು. ನೀವು ಓಡಿ ಹೋಗಿ ಕಿಟಕಿ ಪಕ್ಕ ಕೂರಬೇಡಿ. ಅವರು ಚಮಚ ಎತ್ತಿದ ಮೇಲೆ ನೀವು ಎತ್ತಿ. ಅನ್ನದ ಬಟ್ಟಲು ಕೈಗೆತ್ತಿಕೊಳ್ಳಬೇಡಿ. ಅನ್ನದಲ್ಲಿ ಚಮಚ ಅಥವಾ ಕಡ್ಡಿ ನೆಟ್ಟಗೆ ಚುಚ್ಚಿ ನಿಲ್ಲಿಸಬೇಡಿ, ಅದು ಸತ್ತವರ ಮುಂದೆ ಇಡುವ ರೀತಿ. ನಮ್ಮಲ್ಲಿ ಎಡೆ ಇಡುವಾಗಿನ ಕ್ರಮವನ್ನು ಬೇರೆ ಹೊತ್ತಿನಲ್ಲಿ ಮಾಡುವುದಿಲ್ಲವಲ್ಲ, ಹಾಗೆ.

ಸೋಜು ಎಂಬ ಇಲ್ಲಿನ ಮದ್ಯ ಸುರಿಯುವಾಗ, ತೆಗೆದುಕೊಳ್ಳುವಾಗ ಎರಡು ಕೈ. ನಿಮ್ಮ ಲೋಟಕ್ಕೆ ನೀವೇ ಸುರಿದುಕೊಳ್ಳುವಂತಿಲ್ಲ. ಹಿರಿಯರ ಎದುರು ಕುಡಿಯುವಾಗ ಮುಖ ಪಕ್ಕಕ್ಕೆ ತಿರುಗಿಸಬೇಕು. ಅದೇ ಹೊತ್ತಿಗೆ ಕಿಟಕಿ ನೋಡಿಬಿಡಿ, ಯಾರೂ ಏನೂ ಅನ್ನಲ್ಲ.

ಕುಡಿಯದವರು ಮೊದಲೇ ಹೇಳಿ, ಲೋಟದಲ್ಲಿ ಸೋಡಾ ಹಾಕಿಸಿಕೊಂಡು ಜೊತೆಗೆ ಎತ್ತಿ. ಸೋಜು ನೀರಿನ ಹಾಗೆ ಕಂಡರೂ ಹದಿನಾರು ಹದಿನೇಳು ಶೇಕಡಾ ಅಮಲಿನದು. ಅದನ್ನು ಬಿಯರಿಗೆ ಬೆರೆಸಿ "ಸೊಮೆಕ್" ಮಾಡಿಕೊಟ್ಟಾಗ ಎಷ್ಟನೇ ಲೋಟ ಅಂತ ಎಣಿಸುತ್ತಿರಿ.

ಅಪ್ಪ ಅಮ್ಮ, ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ಮಕ್ಕಳನ್ನು ಬಿಡದ ಜಾಗಗಳಿಗೆ ಇಲ್ಲಿ "ನೋ ಕಿಡ್ಸ್ ಝೋನ್" ಅನ್ನುತ್ತಾರೆ, ಬುಕ್ ಮಾಡುವಾಗ ಕೇಳಿ. ಬಿಟ್ಟರೂ ಮೇಜಿನ ನಡುವೆ ಕೆಂಡ ಇದೆ, ಎರಡು ವರ್ಷದ ಕೂಸನ್ನು ಗೋಡೆ ಬದಿಗೆ ಕೂರಿಸಿ. ಮಂಡಿ ನೋವಿರುವವರಿಗೆ ನೆಲದ ಮೇಲೆ ಕೂರುವ ಕೋಣೆ ಬೇಡ, ಕುರ್ಚಿ ಇರುವ ಜಾಗ ಕೇಳಿ.

ಒಬ್ಬನೇ ಹೋದರೆ?

ಮಾಂಸ ಎರಡು ಪಾಲಿಗೆ ಕಡಿಮೆ ಕೊಡುವುದಿಲ್ಲ ಅನ್ನುವುದು ಹೆಚ್ಚಿನ ಕಡೆಯ ರೂಢಿ. ಎರಡೂ ನೀವೇ ತಿನ್ನಿ.

ಟಿಪ್ ಎಷ್ಟು ಕೊಡಬೇಕು?

ಕೊಡಬೇಕಾಗಿಲ್ಲ. ಕೊರಿಯಾದಲ್ಲಿ ಆ ರೂಢಿ ಇಲ್ಲ, ಕೈಗಿಟ್ಟರೆ ಮುಜುಗರ ಪಡುತ್ತಾರೆ. ಮೆನುವಿನ ಬೆಲೆಯಲ್ಲೇ ತೆರಿಗೆ ಸೇರಿರುತ್ತದೆ, ಬಿಲ್ ನೋಡಿ ಬೆಚ್ಚಿಬೀಳುವ ಅಗತ್ಯ ಇಲ್ಲ. ಕಾರ್ಡು ಎಲ್ಲ ಕಡೆ ನಡೆಯುತ್ತದೆ. ಬಡಿಸುವವರನ್ನು ಕರೆಯಬೇಕಾದರೆ ಮೇಜಿನ ಮೇಲಿನ ಕರೆಗಂಟೆ ಒತ್ತಿ, ಇಲ್ಲದಿದ್ದರೆ "ಯೋಗಿಯೋ" ಅನ್ನಿ. "ಇಲ್ಲಿ ನೋಡಿ" ಅಂತ ಅರ್ಥ.

ನಾನು ಅಮೆರಿಕದಲ್ಲಿದ್ದೇನೆ. ಇದೆಲ್ಲ ಅಲ್ಲಿಗೂ ಹೊಂದುತ್ತಾ?

ಅರ್ಧ. ನ್ಯೂಯಾರ್ಕ್‌ನ ಮ್ಯಾನ್‌ಹಟನ್‌ನಲ್ಲಿ 32ನೇ ಬೀದಿ ಕೊರಿಯಾದವರದ್ದು. ಅಲ್ಲೇ ಬ್ರಾಡ್‌ವೇಯ ಕಟ್ಟಡವೊಂದರ 39ನೇ ಮಹಡಿಯಲ್ಲಿ ಗಾವೊನ್‌ನೂರಿ ಎಂಬ ಊಟದ ಮನೆ ಇದೆ. ಎಂಪೈರ್ ಸ್ಟೇಟ್ ಕಟ್ಟಡ ಪಕ್ಕದ ಮನೆಯವರ ಹಾಗೆ ಕಿಟಕಿಗೆ ಬಂದು ನಿಂತಿರುತ್ತದೆ. ನೋಟಕ್ಕೆ ಮಾರ್ಕ್ಸು ಕೊಡುವುದಾದರೆ ಅದಕ್ಕೆ ಕೊಡಬೇಕು. ಆದರೆ ಅಲ್ಲಿ ಬಿಲ್ಲಿನ ಮೇಲೆ ತೆರಿಗೆ ಬೇರೆ, ಅದರ ಮೇಲೆ ನೂರಕ್ಕೆ 18ರಿಂದ 20 ಟಿಪ್ ಬೇರೆ. ನೋಟ ಬೇಡ, ಮಾಂಸ ಬೇಕು ಅನ್ನುವವರು 2017ರಲ್ಲಿ ಶುರುವಾದ ಕೋಟ್ ಎಂಬ ಊಟದ ಮನೆಗೆ ಹೋಗುತ್ತಾರೆ, ಅದಕ್ಕೆ ಮಿಶಲಿನ್ ನಕ್ಷತ್ರವೂ ಇದೆ. ಅಲ್ಲಿಯೂ ಅದೇ ಕಥೆ ನೋಡಿ: ಕಿಟಕಿ ಒಂದು ಕಡೆ, ಮಾಂಸ ಇನ್ನೊಂದು ಕಡೆ.

ಉಳಿದ ಮಾಂಸ ಪಾರ್ಸೆಲ್ ಕಟ್ಟಿಸಬಹುದಾ?

ಸುಟ್ಟ ಮಾಂಸ ತಣ್ಣಗಾದರೆ ಕೊಬ್ಬು ಬಿಳಿಯಾಗಿ ಹೆಪ್ಪುಗಟ್ಟುತ್ತದೆ, ಹೋಟೆಲ್ ರೂಮಿನ ಮೈಕ್ರೋವೇವ್‌ನಲ್ಲಿ ಚಪ್ಪಲಿಯಾಗುತ್ತದೆ. ಅದರ ಬದಲು ಮೊದಲು ಎರಡೇ ಪಾಲು ಹೇಳಿ, ಸಾಲದಿದ್ದರೆ ಮತ್ತೊಂದು ಹೇಳಿ. ಕೆಂಡ ಇನ್ನೂ ಕೆಂಪಗಿರುತ್ತದೆ, ಅವರು ಬೇಸರ ಮಾಡಿಕೊಳ್ಳುವುದಿಲ್ಲ.